ಮೆರಾಕ್

ಸಿನೋಪಿನ ಬಂದರಿಗೆ ಮುಖಮಾಡಿದ ಅಡುಗೆಮನೆ.
ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡ ರೇಡಿಯೊ.
ಒಳಗೆ ಕೂತು ಮಾತಾಡುವವರು ಯಾರೆಂದು
ಏಳು ವರ್ಷದ ತೈಫೂರ್ ತಿರುಪು ಕಳಚಿದ್ದಾನೆ.
ಬೈದರೆ, ‘ಮೆರಾಕ್’ ಅನ್ನುತ್ತಾನೆ.

ಇನ್ನು ಗಾಳಿಯ ಸುದ್ದಿ ಹೇಳುವವರು ಯಾರು?
ನಿನ್ನೆ ಮೀನಿಗೆ ಹೋದ ದೋಣಿ ಮರಳಿಲ್ಲ.
ನೆಜಿಹೆ ಕಿಟಕಿಯ ಹಬೆ ಒರೆಸುತ್ತಾಳೆ,
ಒರೆಸಿದ್ದನ್ನೇ ಒರೆಸುತ್ತಾಳೆ.
ಅದೂ ಮೆರಾಕೇ.

ಮೂಲೆಯಲ್ಲಿ ಮಾವ,
ಮೂವತ್ತು ವರ್ಷದಿಂದ ಸೀಸೆಯೊಳಗೆ ಹಡಗು ಕಟ್ಟುವ ಗೀಳು;
ಆ ಗೀಳಿಗೂ ಇಲ್ಲಿ ಬೇರೆ ಹೆಸರಿಲ್ಲ.
ಉಪ್ಪಿಗೂ ಸಕ್ಕರೆಗೂ
ಈ ಮನೆಯಲ್ಲಿ ಒಂದೇ ಚಮಚ.

‘ಮೆರಾಕ್ ಎತ್ಮೆ, ಅಮ್ಮಾ’
ತಂತಿಗೆ ತಂತಿ ಹೊಸೆಯುತ್ತ ಅಂದ ಹುಡುಗ.
ಚಿಂತಿಸಬೇಡ ಅಂದನೋ
ಇಣುಕಬೇಡ ಅಂದನೋ,

ಗೊರಗೊರ ಸದ್ದು.
ಮೂವರೂ ಕಿವಿಯಾದರು.