ಹದಿನಾರರಿಂದ ಎಂಟಕ್ಕೆ

ಮೂಗಿನ ಹತ್ತಿರ ಹಿಡಿದು ನೋಡಿದ ಯೆರ್ಕೊ.
"ಸುಟ್ಟಿದೆ," ಎಂದ.
ಇನ್ನೊಂದನ್ನೆತ್ತಿ ಕಾಗದವನ್ನು ಮೆಲ್ಲಗೆ ಒತ್ತಿದ,
ಒಳಗಿನ ಸುರುಳಿ ತುಕ್ಕಿಗೆ ಉಜ್ಜಿ ಕರಕರ ಎಂದಿತು,
ಒಣರೊಟ್ಟಿ ಮುರಿದ ಹಾಗೆ.
ವಾಲ್ಪರೈಸೊದ ಗಾಳಿಯಲ್ಲಿ ಉಪ್ಪಿದೆಯಲ್ಲ,
ಅದು ಮೊದಲು ಕಿಟಕಿಯ ಕೊಂಡಿ ತಿನ್ನುತ್ತದೆ,
ಆಮೇಲೆ ಸ್ಪೀಕರು,
ಆಮೇಲೆ ಮೊಣಕಾಲು.

ನಾಲ್ಕರಲ್ಲಿ ಎರಡು ಹೋದವು. ಇನ್ನೆರಡು ಗಟ್ಟಿ,
ಹನ್ನೆರಡಂಗುಲದವು, ಬೆನ್ನಿಗೆ ಬೀಸುಕಲ್ಲಿನಂಥ ಮ್ಯಾಗ್ನೆಟ್ಟು.

ಮೇಜಿನ ಮೇಲೆ ಮೂರು ಜೋಡಿ ತಂದಿಟ್ಟ.
ಒಂದು ಹಳೆಯದರ ತದ್ರೂಪು:
"ನಡುವಿನ ದನಿ ದಪ್ಪ,
ಸಿಟ್ಟು ಬಂದರೂ ಬೈಗುಳ ನುಂಗಿಕೊಳ್ಳುತ್ತದೆ."
ಒಂದು ದುಬಾರಿ:
"ಅದೇ ಕೈ, ಅದೇ ಗಿಟಾರು, ಮೂರು ಡೆಸಿಬೆಲ್ ಜೋರು.
ಡ್ರಮ್ಮಿನವನ ಮರ್ಜಿ ಕಾಯಬೇಕಿಲ್ಲ."
ಮೂರನೆಯದು ನಿಯೋಡಿಮಿಯಂ,
ಬಿಸ್ಕತ್ತಿನ ಡಬ್ಬಿಯ ಮುಚ್ಚಳದಷ್ಟು ಮ್ಯಾಗ್ನೆಟ್ಟು, ಎರಡು ಕಿಲೋಗೂ ಕಡಿಮೆ.
"ದನಿ?" ಕೇಳಿದೆ.
"ಹೊಸ ಚಪ್ಪಲಿ. ಆರು ತಿಂಗಳು ಕಚ್ಚುತ್ತದೆ.
ಆಮೇಲೆ ಕಾಲಿಗೂ ಅದಕ್ಕೂ ರಾಜಿ."

ಅವನು ವ್ಯಾಟು ಓಮು ಎನ್ನುತ್ತಿದ್ದ,
ನಾನು ಮೆಟ್ಟಿಲು ಎಣಿಸುತ್ತಿದ್ದೆ.
ಸೆರ್ರೊ ಮಾರಿಪೋಸಾಸ್‌ಗೆ ನೂರ ಎಪ್ಪತ್ತನಾಲ್ಕು.
ಮಾರಿಪೋಸಾಸ್ ಎಂದರೆ ಚಿಟ್ಟೆಗಳು.
ಗುಡ್ಡಕ್ಕೆ ಆ ಹೆಸರಿಟ್ಟವರು
ನಲವತ್ತು ಕಿಲೋ ಹೊತ್ತು ಹತ್ತಿದವರಲ್ಲ.

ಪೆಟ್ಟಿಗೆಗೆ ಎರಡು ಹಿಡಿ.
ಎಡದ್ದು ನನಗೆ, ಬಲದ್ದು ಉಲಿಸೆಸ್ ಮರಂಬಿಯೊಗೆ,
ಹತ್ತೊಂಬತ್ತು ವರ್ಷ,
ಬಾರು ಮುಚ್ಚಿದ ಮೇಲೆ, ಬೆಳಗಿನ ನಾಲ್ಕಕ್ಕೆ,
ಅವನು ಮುಂದೆ, ನಾನು ಹಿಂದೆ.
ಹತ್ತುವಾಗ ಭಾರವೆಲ್ಲ ಕೆಳಗಿದ್ದವಳ ಮೇಲೆ ಎಂದು
ಅವನಿಗೆ ಕೊನೆಗೂ ತಿಳಿಯಲಿಲ್ಲ.
ತಿಳಿದಿತ್ತೋ ಏನೋ.
ಈಗ ಕಿಲ್ಪುಯೆಯಲ್ಲಿ ಮದುವೆಯೂಟಗಳಿಗೆ ನುಡಿಸುತ್ತಾನೆ,
ನೆಲಮಟ್ಟದ ಸಭಾಂಗಣ, ಬಾಗಿಲವರೆಗೂ ವ್ಯಾನು.
ಜಗಳ ಯಾತಕ್ಕೆ ಎಂದು ಕೇಳಬೇಡಿ.
ಒಂದು ಬೊಲೇರೊದ ಓಟಕ್ಕೆ.
ಬೇಗ ಎಂದ ಅವನು. ನಿಧಾನ ಎಂದೆ ನಾನು.
ಅಷ್ಟೇ.

"ಎರಡು ಹಳೆಯದು, ಎರಡು ಹೊಸದು, ಮೂಲೆಯಿಂದ ಮೂಲೆಗೆ ಹಾಕೋಣ,"
ಎಂದ ಯೆರ್ಕೊ,
"ಮುನಿಸಿಕೊಂಡ ಬೀಗರನ್ನು ಊಟಕ್ಕೆ ಕೂರಿಸಿದ ಹಾಗೆ."

ಪೆಟ್ಟಿಗೆಯ ನಡುಮಧ್ಯಕ್ಕೆ ಬೆರಳಿಟ್ಟೆ.
"ಇಲ್ಲಿ ಕೊಯ್ಯಿ."

ಕಿವಿಯ ಸಂದಿಯಿಂದ ಪೆನ್ಸಿಲು ತೆಗೆಯಲು
ಅವನಿಗೆ ಬಹಳ ಹೊತ್ತು ಹಿಡಿಯಿತು.
ಗರಗಸ ಇಳಿದಂತೆ ಹಲಗೆ ಒಂದೊಂದೇ ಬಿಟ್ಟುಕೊಟ್ಟಿತು:
ಹಳೆಯ ಸಿಗರೇಟು, ಚೆಲ್ಲಿದ ವೈನು,
ಯಾರೋ ಹಚ್ಚಿಕೊಂಡಿದ್ದ ಸೆಂಟು.
ಒಳಗಿಂದ ಒಂದು ಪಿಕ್ಕು ಬಿತ್ತು, ಆಮೆಚಿಪ್ಪಿನ ಬಣ್ಣದ್ದು.
ನನ್ನದಲ್ಲ.
ಬಾಯಿಬಿಟ್ಟ ಎರಡೂ ಬದಿಗೆ ಯೆರ್ಕೊ ಹೊಡೆದದ್ದು
ಕೆಡವಿದ ಯಾವುದೋ ಮನೆಯ ಬಾಗಿಲು,
ನೀಲಿ ಇನ್ನೂ ಅಂಟಿಕೊಂಡೇ ಇತ್ತು.

ನನ್ನ ಅರ್ಧಕ್ಕೆ ಹಗುರದ ಜೋಡಿ.
ಆ ಅರ್ಧಕ್ಕೆ ಬದುಕುಳಿದ ಎರಡು ಮುದುಕರು.
"ಅದು ಯಾರಿಗೆ?"
"ಬಲದ ಹಿಡಿ ಅದರಲ್ಲೇ ಇದೆಯಲ್ಲ. ಬಂದು ಕೇಳಿದರೆ ಕೊಡು.
ಪಿಕ್ಕೂ ಒಳಗೇ ಇರಲಿ.
ಕೇಳದಿದ್ದರೆ, ಉಪ್ಪಿಗೂ ಹೊಟ್ಟೆ ಇದೆ."

ಒಬ್ಬಳೇ ಹತ್ತಿದೆ.
ಎಂಬತ್ತನೆಯ ಮೆಟ್ಟಿಲಲ್ಲಿ, ರೂಢಿ ಬಿಡಲಿಲ್ಲ,
"ಇಳಿಸೋಣ" ಎಂದೆ ಗಟ್ಟಿಯಾಗಿ.
ಅಲ್ಲೇ ಮಲಗಿದ್ದ ನಾಯಿ ತಲೆಯೆತ್ತಿ ನೋಡಿತು.
ಕೆಳಗಿನಿಂದ ಯೆರ್ಕೊ ಕೂಗುತ್ತಿದ್ದ:
"ಎಲಿಯಾನಾ, ಆಂಪ್ಲಿಫೈಯರ್ ಬೆನ್ನಿನ ಗುಂಡಿ
ಹದಿನಾರರಿಂದ ಎಂಟಕ್ಕೆ! ಮರೀಬೇಡ!"

ಮರೆಯಲಿಲ್ಲ. ತಿರುಗಿಸಿದೆ, ಟಕ್ಕೆಂದಿತು.
ಆ ಬೊಲೇರೊವನ್ನೇ ಎತ್ತಿಕೊಂಡೆ, ನನ್ನ ನಿಧಾನದಲ್ಲೇ.
ಹೊಸ ಕಾಗದ ಬಿಗಿ. ಸ್ವರವನ್ನು ಹಿಡಿದಿಡಲು ಇನ್ನೂ ಬಾರದು,
ಬೆರಳು ಮುಂದಿನ ತಂತಿ ಮುಟ್ಟುವಷ್ಟರಲ್ಲಿ ಸೋರಿಹೋಗುತ್ತದೆ.
ಎರಡನೆಯ ಸಲ ನುಡಿಸಿದೆ.
ಸ್ವಲ್ಪ ಬೇಗ.