ಎಡ ಹೆಗಲು

ಮೂವತ್ತೊಂದು ವರ್ಷ ಬೈತಕೋಲದ ದಕ್ಕೆಯಲ್ಲಿ
ತುಕ್ಕು ಕೆರೆದವನು ನಾನು.
ಉಳಿ, ತಂತಿಬ್ರಷ್ಷು, ಮರಳುಕಾಗದ,
ಆಮೇಲೆ ಕೆಂಪು ಪ್ರೈಮರ್, ಅದರ ಮೇಲೆ ನೀಲಿ.
ಉಗುರಿನ ಸಂದಿಯ ಕಂದು ಮದುವೆಯ ದಿನವೂ ಹೋಗಿರಲಿಲ್ಲ.
ಈಗ ಕೋಡಿಬಾಗದ ಮನೆಯಲ್ಲಿ ಕಿಟಕಿಯ ಪಕ್ಕ ಕೂತು
ಮೊಳದುದ್ದದ ಬೋಟಿಗೆ
ಬಣ್ಣದ ಪೆನ್ಸಿಲಿನಲ್ಲಿ ತುಕ್ಕು ಹಚ್ಚುತ್ತೇನೆ.
ಮಗಳು ನಗುತ್ತಾಳೆ: ಸಾಲ ತೀರಿಸ್ತಾ ಇದ್ದೀಯ ಅಪ್ಪ.

ಪೆನ್ಸಿಲು ಅವಳ ಮಗನದು. ಹನ್ನೆರಡರ ಡಬ್ಬಿ.
ಹಸಿರು ಗಿಡ್ಡ, ಕೆಂಪು ಇನ್ನೂ ಗಿಡ್ಡ,
ಬಿಳಿಯದು ಮಾತ್ರ ಅಂಗಡಿಯಿಂದ ಬಂದ ಹಾಗೇ.
ಬಿಳಿ ಹಾಳೆಯ ಮೇಲೆ ಅದಕ್ಕೇನು ಕೆಲಸ?
ನನಗೆ ಬೇಕು ಅದು. ನೀರು ಮುಟ್ಟುವ ಗೆರೆಗಿಂತ ಒಂದಕ್ಕಿಕಾಳು ಮೇಲೆ
ಉಪ್ಪು ಒಣಗಿ ಕೂರುವ ಜಾಗಕ್ಕೆ.
ತುದಿಯನ್ನು ನಾಲಿಗೆಗೆ ತಾಗಿಸಿ, ಎಳೆದು,
ಬೆರಳಲ್ಲಿ ತಿಕ್ಕಿ ಅರ್ಧ ಅಳಿಸಬೇಕು.
ಅಳಿಸಿದ ಮೇಲೆ ಉಳಿದದ್ದು ಉಪ್ಪು.

ಹೊಸಬರು ತಪ್ಪುವುದು ಇಲ್ಲೇ:
ಎಲ್ಲ ಕಡೆಗೂ ಸಮ ಹಂಚುತ್ತಾರೆ, ಊಟದ ಮನೆಯ ಪಾಯಸದ ಹಾಗೆ.
ತುಕ್ಕಿಗೆ ಪಂಕ್ತಿಭೇದ ಉಂಟು.
ಲಂಗರಿನ ಸರಪಳಿ ಉಜ್ಜುವ ಮೂತಿಗೆ ಮೊದಲ ಬಡಿಕೆ.
ಮೊಳೆಯ ತಲೆಯಿಂದ ಕೆಳಕ್ಕೆ, ಎಂದೂ ಕೆಳಕ್ಕೇ, ಎಳೆಯಾಗಿ ಇಳಿಯುತ್ತದೆ.
ಕೈ ಹೋಗದ ಕಡೆ, ಕಾಲು ಬೀಳದ ಕಡೆ
ಹಳೆಯ ನೀಲಿಯೂ ನಿನ್ನೆ ಬಳಿದ ಹಾಗಿರುತ್ತದೆ.

ಈ ಬೋಟು ‘ದುರ್ಗಾಪ್ರಸಾದ’.
ಅಸಲಿಯದು ಹೋದ ವರ್ಷ ಗುಜರಿಗೆ ಹೋಯಿತು,
ಎಂಜಿನ್ ಒಂದು ಕಡೆ, ಹಲಗೆ ಇನ್ನೊಂದು ಕಡೆ,
ಹೆಸರು ಬರೆದ ಪಟ್ಟಿ ಯಾರದೋ ಹಿತ್ತಿಲ ಬೇಲಿಗೆ.
ಮಾಡಿಸುತ್ತಿರುವವಳು ಆನಂದಿ ತಾಂಡೇಲ, ನಾಲ್ಕು ಕಂತಿನಲ್ಲಿ.
ಗಂಡ ವಿಠೋಬ ಹದಿನೆಂಟು ವರ್ಷ ಅದರ ಚುಕ್ಕಾಣಿ ಹಿಡಿದವನು,
ಸತ್ತದ್ದು ಕಡಲಲ್ಲಲ್ಲ, ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ,
ಟಿಕೆಟ್ಟಿಗೆ ಚಿಲ್ಲರೆ ಎಣಿಸುತ್ತ.

ಫೋಟೊ ಕೇಳಿದೆ. ಇದ್ದದ್ದೊಂದು, ಆಯುಧಪೂಜೆಯದು,
ಮಾಲೆಗಳ ನಡುವೆ ಕ್ಯಾಬಿನ್ನೇ ಕಾಣದು.
ಎಲ್ಲೆಲ್ಲಿ ಸವೆದಿತ್ತು, ನೆನಪುಂಟಾ?
“ನಾನೆಲ್ಲಿ ಹತ್ತಿದ್ದೆ ಬೋಟು? ದಡದಲ್ಲಿ ಬುಟ್ಟಿ ಹೊತ್ತವಳು.”
ಪೆನ್ಸಿಲು ಕೆಳಗಿಟ್ಟೆ. ಚಾ ಆರಿತು.
ಆಮೇಲೆ ತಾನಾಗಿ ಅಂದಳು,
“ಅಂಗಿಯ ಎಡ ಹೆಗಲು.
ಪ್ರತಿ ಸಲ ಅಲ್ಲೇ ಒಂದು ಕಂದು ಕಲೆ, ಅಂಗೈಯಗಲ.
ಬಾರ್ ಸೋಪು, ಲಿಂಬೆ, ಬಿಸಿಲು, ಯಾವುದಕ್ಕೂ ಬಗ್ಗಲಿಲ್ಲ.
ಎಷ್ಟು ಬೈದಿದ್ದೇನೆ.”

ಎದ್ದೆ. ನಮ್ಮ ಬಾಗಿಲ ಚೌಕಟ್ಟಿಗೆ ಎಡ ಹೆಗಲು ಆನಿಸಿದೆ,
ಬಲಗೈ ಚಾಚಿದೆ, ಚುಕ್ಕಾಣಿ ಸಿಕ್ಕಿತು.
ಕಣ್ಣು ನೇರ ಕಾಳಿ ಕಡಲು ಸೇರುವಲ್ಲಿಗೆ ಹೋಯಿತು.
ಹೀಗೆ ನಿಲ್ಲುತ್ತಿದ್ದ, ಒಂದೇ ಕಾಲಿಗೆ ಭಾರ ಕೊಟ್ಟು.
ಅವನ ಹೆಗಲು ನಿಮಗೆ ಎಲ್ಲಿಗೆ ಬರುತ್ತಿತ್ತು, ಕೇಳಿದೆ.
ಅವಳು ಕಿವಿಯ ಓಲೆ ಮುಟ್ಟಿಕೊಂಡಳು.

ಅಳತೆ ಇಳಿಸಿದರೆ ಆ ಜಾಗ ಒಂದು ಎಳ್ಳಿನಷ್ಟು.
ಅಂಚಿಗೆ ಗಾಢ ಕಂದು, ಒಳಗೆ ಕಿತ್ತಳೆ, ತೀರ ಸ್ವಲ್ಪ.
ನಟ್ಟನಡುವೆ ಬರಿಯ ಸೀಸದ ಪೆನ್ಸಿಲು:
ಮೈ ತಾಗಿ ತಾಗಿ ಕಬ್ಬಿಣಕ್ಕೆ ಬರುವ ಮಿನುಗು.
ಇಂಥ ಕಲೆ ಕಂಡರೆ ಉಳಿ ಎತ್ತುತ್ತಿದ್ದ ಕೈ ಇದು.
ಪ್ರತಿ ಮಳೆಗಾಲ ನಾನೇ ಇದನ್ನು ಕೆರೆದು
ನೀಲಿ ಬಳಿದಿರಬೇಕು. ಅವನು ಮತ್ತೆ ಬಂದು
ಅಲ್ಲೇ ಒರಗಿರಬೇಕು.

ಕೊನೆಗೆ ವಾರ್ನಿಷ್ ಹೊಡೆಯಬೇಕು, ಇಲ್ಲದಿದ್ದರೆ ಕೈಗೆ ಅಂಟುತ್ತದೆ.
ಎಲ್ಲ ಕಡೆ ಹೊಡೆದೆ.
ಆ ಎಳ್ಳಿನ ಮೇಲೆ ಮಾತ್ರ ಕಾಗದದ ಚೂರು ಮುಚ್ಚಿ ಬಿಟ್ಟೆ.

ಶನಿವಾರ ಬಂದಳು, ಮೀನು ಮಾರಿದ ಕೈ ತೊಳೆದುಕೊಂಡು.
ಹೆಬ್ಬೆರಳಲ್ಲಿ ಮುಟ್ಟಿದಳು, ಬೆಳಕಿಗೆ ಹಿಡಿದಳು, ಮೂಸಿದಳು.
“ಪೆನ್ಸಿಲಿನ ವಾಸನೆ” ಅಂದಳು.
ಪೆನ್ಸಿಲೇ ಅಲ್ಲವಾ, ಅಂದೆ.
ಕೊನೆಯ ಕಂತು ಎಣಿಸಿಟ್ಟು,
ಬುಟ್ಟಿಯಲ್ಲಿ ಪೇಪರು ಹಾಸಿ, ಬೋಟು ಮಲಗಿಸಿ,
ತಲೆಯ ಮೇಲಿಟ್ಟು ಹೊರಟಳು,
ನಾಲ್ಕೇ ಬೆರಳಲ್ಲಿ ಬುಟ್ಟಿ ಹಿಡಿದು.
ಹೆಬ್ಬೆರಳನ್ನು ಯಾವುದಕ್ಕೂ ತಾಗಿಸದೆ.