ಆಲಿಕಲ್ಲಿನ ವರ್ಷದ್ದು

ಎವಾರಿಸ್ತೋನ ಮೂಗು ಸತ್ತು ಎರಡು ಚಳಿಗಾಲ.
ಮೂವತ್ತು ಸುಗ್ಗಿ ಪೀಪಾಯಿಗಳಿಗೆ ಮೂಗೊಡ್ಡಿದವನು
ಈಗ ಮಾಲ್ಬೆಕ್ ಸುರಿದು
ಲೋಟ ನನ್ನತ್ತ ದೂಡುತ್ತಾನೆ: "ಹೇಳು."

ನನಗೇನು ಗೊತ್ತು? ನಾನು
ಸೋಡಾ ಬೆರೆಸಿ ಕುಡಿಯುವವಳು,
ಅದಕ್ಕೇ ಜೀವಮಾನವಿಡೀ ಬೈಸಿಕೊಂಡವಳು.
"ಪ್ಲಮ್" ಅಂದೆ.
"ಅದನ್ನು ಎಲ್ಲರೂ ಅನ್ನುತ್ತಾರೆ."

ಇನ್ನೊಂದು ಗುಟುಕು. ನಾಲಗೆಯಂಚಿಗೆ ಒಗರು.
ಪ್ಲಮ್ಮಲ್ಲ, ಅದರ ಓಟೆಗೆ ಅಂಟಿದ ಕೆಂಪು.
ಮಳೆ ಕಾಣದ ಮೆಂಡೋಸಾದಲ್ಲಿ
ಕಾಲುವೆಗೆ ಆಂಡೀಸಿನ ಹಿಮನೀರು ಬಿಟ್ಟ ದಿನ
ತೊಯ್ದ ಧೂಳು.
ಆಮೇಲೆ, ತಡವಾಗಿ, ಗಂಟಲಲ್ಲಿ
ಆಲಿಕಲ್ಲು ಬಿದ್ದ ಆ ರಾತ್ರಿ
ಲಾಟೀನು ಹಿಡಿದು
ಉಳಿದ ಗೊಂಚಲು ಹುಡುಕಿ ಬಂದ
ನಿನ್ನ ಅಂಗಿ.

ಅವನು ಮಾತಾಡಲಿಲ್ಲ.
ಲೋಟ ಕಸಿದುಕೊಂಡ, ಅರ್ಧ ಕುಡಿದ,
ತುಟಿ ಒರೆಸಿಕೊಳ್ಳದೆ
ನನ್ನ ಸೋಡಾ ಬಾಟಲಿಗೆ ಕೈಚಾಚಿದ.